ಬೆಲ್ಲದ ಬಣ್ಣದ ಗೆರೆ

ಮಳೆಗಾಲದಲ್ಲಿ ಬೀಗರ ಊರಿಗೆ ಹೋದವರು ಯಾವತ್ತು ತಿರುಗಿ ಬರಬೇಕು ಎಂಬುದನ್ನು ಹಳ್ಳವೇ ತೀರ್ಮಾನ ಮಾಡುತ್ತಿದ್ದ ಕಾಲ ಅದು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಮ್ಮೂರಿನ ಹೆಸರು ಹೇಳಿದರೂ ನಿಮಗೆ ಗುರುತು ಸಿಗಲಿಕ್ಕಿಲ್ಲ. ನವಲಗುಂದದ ಕಡೆಯ ಬಸ್ಸಿನಿಂದ ಇಳಿದು, ಎರೆಹೊಲಗಳ ನಡುವಿನ ಚಕ್ಕಡಿ ದಾರಿ ಹಿಡಿದು, ಬಾಯೊಳಗಿನ ಎಲೆ ಅಡಿಕೆಯ ರಸ ತೀರುವ ತನಕ ನಡೆದರೆ ಸಿಗುವ ಊರು. ದೂರದಲ್ಲಿ ನವಲಗುಂದದ ಗುಡ್ಡ ಒಂದು ಬಿಟ್ಟರೆ ಕಣ್ಣಿಗೆ ತಡೆ ಎಂಬುದೇ ಇಲ್ಲ. ಎಲ್ಲ ಬಯಲು.

ಬೆಣ್ಣಿಹಳ್ಳ ಎಂಬ ಮೆತ್ತನೆಯ ಹೆಸರು ಇಟ್ಟವರು ಅದನ್ನು ಬೇಸಿಗೆಯಲ್ಲಿ ಮಾತ್ರ ನೋಡಿರಬೇಕು. ಮಳೆಗಾಲದಲ್ಲಿ ಅದು ಹೇಳಿ ಕೇಳಿ ಬರುತ್ತಿರಲಿಲ್ಲ. ನಮ್ಮ ನೆತ್ತಿಯ ಮೇಲೆ ಚುರುಚುರು ಬಿಸಿಲು ಇರುತ್ತಿತ್ತು. ಮೇಲೆಲ್ಲೋ ಕುಂದಗೋಳದ ಕಡೆ ಮಳೆ ಹೊಡೆದು, ಇಲ್ಲಿ ಸಂಜೆಯೊಳಗೆ ರಾಡಿ ನೀರು ದಂಡೆ ಮೀರಿ ಬರುತ್ತಿತ್ತು. ನಮ್ಮೂರಿಗೂ ಆಚೆ ಊರಿಗೂ ನಡುವೆ ಈ ಬೆಣ್ಣಿಹಳ್ಳಕ್ಕೆ ಸೇರುವ ಒಂದು ಸಣ್ಣ ಹಳ್ಳ ಇತ್ತು. ದೊಡ್ಡದು ತುಂಬಿದಾಗ ಅದರ ನೀರು ಸಣ್ಣದರೊಳಗೆ ಹಿಂದಕ್ಕೆ ಹತ್ತಿಬಂದು ನಮ್ಮ ದಾರಿಯನ್ನು ನುಂಗುತ್ತಿತ್ತು. ‘ಹಳ್ಳ ಬಂದೈತಿ’ ಎಂದು ಒಬ್ಬರು ಕೂಗಿದರೆ ಸಾಕು, ಆಚೆಯವರು ಆಚೆ, ಈಚೆಯವರು ಈಚೆ.

ನಮ್ಮೂರಿನ ಸಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಐದರಿಂದ ಏಳರ ತನಕ ಓದಬೇಕೆಂದರೆ ಆಚೆ ಊರು. ಗಂಡುಹುಡುಗರು ಹಳ್ಳ ಬಂದ ದಿನ ಅಲ್ಲೇ ಯಾರದಾದರೂ ಮನೆಯ ಕಟ್ಟೆಯ ಮೇಲೆ ಮಲಗಿ ಮರುದಿನ ಬರುತ್ತಿದ್ದರು. ಹೆಣ್ಣುಹುಡುಗಿಯರನ್ನು ಹಾಗೆ ಬಿಡಲು ಯಾವ ತಂದೆ ಒಪ್ಪಿಯಾನು? ಆದ್ದರಿಂದ ನಮ್ಮೂರ ಹುಡುಗಿಯರ ವಿದ್ಯೆ ನಾಲ್ಕಕ್ಕೇ ಹಳ್ಳದಲ್ಲಿ ಮುಳುಗುತ್ತಿತ್ತು. ಆ ಬೇಸಿಗೆ ನಾನು ನಾಲ್ಕು ಪಾಸಾಗಿದ್ದೆ.

ಅದೇ ಬೇಸಿಗೆ ನಮ್ಮ ಮನೆಗೆ ನಕಾಶೆ ಬಂತು.

ಚಳಿಗಾಲದಲ್ಲಿ ಭೂಮಿ ಅಳತೆ ಮಾಡುವವರು ಬಂದು ಕೆರೆಯ ದಂಡೆಯ ಮೇಲೆ ತಂಬು ಹೊಡೆದಿದ್ದರು. ಮೂರು ಕಾಲಿನ ಮೇಜು, ದುರ್ಬೀನು, ಕೆಂಪು ಬಿಳಿ ಕೋಲು. ಅವರ ಸಾಮಾನು ಹೊತ್ತಿದ್ದು ನಮ್ಮ ಅಪ್ಪನ ಚಕ್ಕಡಿ. ಕೆಲಸ ಮುಗಿಸಿ ಹೋಗುವಾಗ ಅವರ ಸಾಹೇಬರು ಅಪ್ಪನ ಕೈಗೆ ಒಂದು ಹಳೆಯ ನಕಾಶೆ ಕೊಟ್ಟು, ‘ಇದು ಹಿಂದಿನದು, ಇನ್ನು ನಮಗೆ ಬೇಡ. ನಿಮ್ಮೂರೂ ಇದರಲ್ಲಿದೆ, ಇಟ್ಟುಕೋ’ ಎಂದಿದ್ದರಂತೆ. ಹಿಂದೆ ಅರಿವೆ ಹಚ್ಚಿದ, ಮಡಿಕೆಗಳಲ್ಲಿ ಸವೆದ ದಪ್ಪ ಹಾಳೆ. ಬಿಚ್ಚಿದರೆ ಅಂಟಿನ ವಾಸನೆ, ಸ್ವಲ್ಪ ಸೀಮೆಎಣ್ಣೆಯ ವಾಸನೆ.

ಅವ್ವನಿಗೆ ಅದನ್ನು ಕಂಡ ಕೂಡಲೇ ಉಪಯೋಗ ಹೊಳೆಯಿತು. ಮಾಳಿಗೆಯ ಮೇಲೆ ಸಂಡಿಗೆ ಇಡುವ ದಿನಗಳು ಅವು.

"ಅರಿವಿ ಹಚ್ಚಿದ ಕಾಗದ. ಸಂಡಗಿ ಒಣಗಸಾಕ ಅಗದಿ ಬೇಷ್ ಐತಿ," ಎಂದಳು.

"ಸರಕಾರದ ನಕಾಶಿ ಮ್ಯಾಲೆ ಸಂಡಗಿ ಇಡ್ತೀಯೇನ? ಹಿಡದು ಜೇಲಿಗೆ ಹಾಕ್ತಾರ."

"ಹಾಕಲಿ ಬಿಡ್ರಿ. ಅಲ್ಲಿ ರೊಟ್ಟಿ ಬಡಿಯೂದರ ತಪ್ಪತೈತಿ."

ಅಪ್ಪ ನಕಾಶೆಯನ್ನು ಪಡಸಾಲೆಯ ಗೋಡೆಗೆ ಜಾಲಿಮುಳ್ಳಿನಿಂದ ಚುಚ್ಚಿ ನಿಲ್ಲಿಸಿದ. ಮಧ್ಯಾಹ್ನ ಅಪ್ಪ ಹೊರಗೆ ಹೋದೊಡನೆ ನಾನು ಅದನ್ನು ಇಳಿಸಿ ಜಮಖಾನದ ಮೇಲೆ ಹಾಸುತ್ತಿದ್ದೆ. ಬಾಜೂ ಮನೆಯ ರತ್ನಿ ಬರುತ್ತಿದ್ದಳು. ಹುಣಸೆಬೀಜಗಳೇ ಚಕ್ಕಡಿಗಳು, ಅವನ್ನು ಊರಿಂದ ಊರಿಗೆ ಹೊಡೆಯುವುದೇ ಆಟ. ಹುರಿದ ಶೇಂಗಾ ತಿನ್ನುತ್ತ, ಅದರ ಸಿಪ್ಪೆ ಹಾಳೆಯ ಮೇಲೆ ಉದುರಿಸುತ್ತ ನಾವು ಒಂದು ಮಧ್ಯಾಹ್ನದಲ್ಲಿ ಅಣ್ಣಿಗೇರಿಗೆ ಹೋಗಿ ಬರುತ್ತಿದ್ದೆವು. ಹೆಸರುಗಳು ಇಂಗ್ಲಿಷಿನಲ್ಲಿ ಇದ್ದವು, ನಮಗೆ ಓದಲು ಬರುತ್ತಿರಲಿಲ್ಲ. ಆದರೆ ಅಪ್ಪ ಅಳತೆಯವರ ಜೊತೆ ಓಡಾಡಿ ಗುರುತುಗಳನ್ನು ತಿಳಿದುಕೊಂಡಿದ್ದ. ನೀಲಿ ಹಳ್ಳ, ಕೆಂಪು ಚುಕ್ಕೆಗಳು ಮನೆ, ಜೋಡಿ ಗೆರೆ ಚಕ್ಕಡಿ ದಾರಿ. ಒಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಹಾಳೆಯ ತುಂಬ ಬೆಲ್ಲದ ಬಣ್ಣದ ಸಣ್ಣ ಗೆರೆಗಳು ಅಂಕುಡೊಂಕಾಗಿ, ಒಂದನ್ನೊಂದು ಮುಟ್ಟದೆ ಹರಿದಾಡುತ್ತಿದ್ದವು.

ಅಪ್ಪ ಹೆಚ್ಚು ವಿಚಾರ ಮಾಡಲೇ ಇಲ್ಲ. "ಇವು ಒಡ್ಡು," ಎಂದ.

ನಮ್ಮ ಸೀಮೆಯವರು ಬೇರೆ ಏನು ಹೇಳಲು ಸಾಧ್ಯವಿತ್ತು? ಆ ವರ್ಷಗಳಲ್ಲಿ ಸರಕಾರದವರು ಬಂದು ಮಣ್ಣು ಕೊಚ್ಚಿಹೋಗದಂತೆ ಹೊಲಹೊಲಗಳಲ್ಲಿ ಒಡ್ಡು ಹಾಕಿಸುತ್ತಿದ್ದರು. ಆ ಒಡ್ಡುಗಳೂ ಹೀಗೆಯೇ ಅಂಕುಡೊಂಕು. ಯಾರ ಹೊಲದ ಗಡಿಯನ್ನೂ ಕೇಳದೆ ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಮಳೆಯಾದ ಮೇಲೆ ಎರೆಮಣ್ಣಿನಲ್ಲಿ ನಡೆದವರಿಗೆ ಗೊತ್ತು, ಒಂದೊಂದು ಹೆಜ್ಜೆಗೂ ಕಾಲಿಗೆ ಒಂದೊಂದು ಸೇರು ಮಣ್ಣು ಹತ್ತುತ್ತದೆ. ಹಾಗಾಗಿ ಮಳೆಗಾಲದಲ್ಲಿ ಎಲ್ಲರೂ ನಡೆಯುತ್ತಿದ್ದದ್ದು ಒಡ್ಡಿನ ಮೇಲೆಯೇ. ನಮ್ಮ ಪಾಲಿಗೆ ಒಡ್ಡು ಎಂದರೆ ದಾರಿ.

ಸಾಲೆ ಶುರುವಾಗುವ ದಿನ ಹತ್ತಿರ ಬಂತು. ಒಂದು ದಿನ ಅಪ್ಪ ಊಟಕ್ಕೆ ಕುಳಿತಿದ್ದ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಮೇಲೆ ಅವ್ವ ಹಾಕಿದ ಹಸಿ ಎಣ್ಣೆ. ಹೊಟ್ಟೆ ತುಂಬುತ್ತಿರುವ ಮನುಷ್ಯನ ಎದುರಿಗೇ ಮಾತು ತೆಗೆಯಬೇಕು ಎಂಬುದು ನನಗೆ ಆಗಲೇ ಗೊತ್ತಿತ್ತು. ನೀವೂ ನೆನಪಿಡಿ, ಹಸಿದವನ ಮುಂದೆ ಎಂದೂ ವ್ಯವಹಾರ ಶುರು ಮಾಡಬೇಡಿ.

"ಅಪ್ಪಾ, ನಾ ಐದನೇತ್ತಾಕ ಹೋಗ್ತೀನಿ."

"ಸಾಲಿಗೆ ನಾ ಎಲ್ಲೆ ಬ್ಯಾಡ ಅಂದೇನಿ? ಹಳ್ಳ ಬ್ಯಾಡ ಅಂತೈತಿ. ಹೋದ ವರ್ಷ ಯಾರದೋ ಎತ್ತು, ಚಕ್ಕಡಿ ಎರಡೂ ತಗೊಂಡು ಹೋತು. ನೀ ಯಾವ ಲೆಕ್ಕಬೇ?"

"ಹಳ್ಳ ಬಿಟ್ಟು ಬ್ಯಾರೆ ದಾರಿ ಇದ್ರ?"

ಅಪ್ಪ ನಕ್ಕ. "ಇದ್ರ ತೋರ್ಸು. ಆವತ್ತ ಕಳಸ್ತೀನಿ."

ಎದುರಿನವರ ಬಾಯಿಂದ ಶರತ್ತು ಹೊರಬಿದ್ದ ಗಳಿಗೆಯಲ್ಲಿ ಅರ್ಧ ವ್ಯಾಪಾರ ಮುಗಿದಂತೆ. ಅವರು ನಗುತ್ತಾ ಹೇಳಿದ್ದರೂ ಸರಿ, ನೀವು ನಗದೆ ಹಿಡಿದುಕೊಳ್ಳಬೇಕು. ನಾನು ಎದ್ದು ಹೋಗಿ ನಕಾಶೆಯ ಮುಂದೆ ನಿಂತೆ.

ಆ ದಿನದಿಂದ ಹುಣಸೆಬೀಜದ ಆಟ ನಿಂತಿತು. ನಾನು ಬೆರಳು ಇಟ್ಟು ಬೆಲ್ಲದ ಗೆರೆಗಳ ಮೇಲೆ ನಡೆಯತೊಡಗಿದೆ. ಒಂದು ಗೆರೆ ನಮ್ಮೂರ ಹನಮಪ್ಪನ ಗುಡಿಯ ಮಗ್ಗುಲಿಂದ ಹೊರಟು, ಸಣ್ಣ ಹಳ್ಳದ ಗುಂಟ ಮೇಲಮೇಲಕ್ಕೆ ಹೋಗಿ, ಆ ಹಳ್ಳ ನೂಲಿನಷ್ಟು ತೆಳ್ಳಗಾಗುವ ಕಡೆ ಅದನ್ನು ದಾಟಿ, ತಲೆಪಿನ್ನಿನ ಹಾಗೆ ಬಾಗಿ, ಆಚೆ ದಂಡೆಯಿಂದ ತಿರುಗಿ ಬಂದು ಸೀದಾ ಆಚೆ ಊರಿನ ಸಾಲೆಯ ಹಿಂದೆ ನಿಲ್ಲುತ್ತಿತ್ತು. ಸುತ್ತು ಹೌದು. ಆದರೆ ಮುಳುಗುವ ಜಾಗ ಎಲ್ಲೂ ಇಲ್ಲ.

ಅಪ್ಪನಿಗೆ ತೋರಿಸಿದೆ. ಅವನೂ ಬೆರಳು ಇಟ್ಟು ನೋಡಿದ. ಮತ್ತೊಮ್ಮೆ ನೋಡಿದ.

"ಇಷ್ಟುದ್ದ ಒಡ್ಡು ನಮ್ಮೂರಾಗ ಎಲ್ಲೆ ಐತೆ?"

"ನಕಾಶ್ಯಾಗ ಐತೆಲ್ಲ. ಹೋಗಿ ನೋಡೂಣು."

ಮರುದಿನ ಬೆಳಿಗ್ಗೆ ಹೊರಟೆವು. ಅಪ್ಪನ ಹೆಗಲ ಮೇಲೆ ಸುತ್ತಿದ ನಕಾಶೆ, ನನ್ನ ಕೈಯಲ್ಲಿ ರೊಟ್ಟಿಯ ಗಂಟು. ಬೇಸಿಗೆಯ ಎರೆಹೊಲ ಬಿರುಕು ಬಿಟ್ಟು ಬಾಯಿ ತೆರೆದು ಮಲಗಿತ್ತು; ಬಿರುಕಿನಲ್ಲಿ ನನ್ನ ಇಡೀ ಕೈ ಇಳಿಯುತ್ತಿತ್ತು. ಮೊದಲರ್ಧ ನಮ್ಮವರ, ಪರಿಚಯದವರ ಹೊಲಗಳು. ಅಲ್ಲಿ ಒಂದು ಕಡೆ ಒಡ್ಡು, ಒಂದು ಕಡೆ ಕಾಲುದಾರಿ, ಹೇಗೋ ನಡೆಯುತ್ತಿತ್ತು. ಹಳ್ಳದ ತಲೆಯ ಹತ್ತಿರ ಬಂದೆವು. ಅಲ್ಲಿ ಅದು ಹಳ್ಳವೇ ಅಲ್ಲ, ಒಂದು ನೆಗೆತಕ್ಕೆ ದಾಟಬಹುದಾದ ಕೊರಕಲು. ಅದರಾಚೆ ಸಾಲೆಯ ತನಕ ಮತ್ತೆ ಕಾಲುದಾರಿ ಇತ್ತು. ಆದರೆ ಆ ಕೊರಕಲು ಇದ್ದದ್ದು ಗೌರವ್ವಾಯಿಯ ಹೊಲದಲ್ಲಿ.

ಗೌರವ್ವಾಯಿಯನ್ನು ನಿಮಗೆ ಪರಿಚಯ ಮಾಡಿಸಬೇಕು. ಗಂಡ ತೀರಿಕೊಂಡ ಮೇಲೆ ಭಾವ ಮೈದುನರನ್ನು ಹತ್ತಿರ ಸುಳಿಯಗೊಡದೆ ತಾನೇ ಕೂರಿಗೆಯ ಹಿಂದೆ ನಿಂತು ಬಿತ್ತಿಸಿದ ಹೆಂಗಸು. ಹಣೆಯ ತುಂಬ ವಿಭೂತಿ, ಕಚ್ಚೆ ಹಾಕಿದ ಸೀರೆ, ಮಾತು ಕುಡುಗೋಲು. ಹೊಲದ ಸುತ್ತ ದನ ಬರದ ಹಾಗೆ ಮುಳ್ಳಿನ ಕುಸುಬಿ ಹಾಕಿಸುತ್ತಿದ್ದಳು. ದನಕ್ಕೋ ಮಂದಿಗೋ ಎಂದು ಊರು ಆಡಿಕೊಳ್ಳುತ್ತಿತ್ತು. ಆ ದಿನ ಅವಳು ಜೋಳದ ಕೂಳೆ ಆರಿಸುತ್ತಿದ್ದಳು.

"ಯಾರಪ್ಪಾ ಅದು, ನನ್ನ ಹೊಲದಾಗ ಮೆರವಣಗಿ ತಗದವರು?"

"ನಾನ ಗೌರಕ್ಕಾ, ಈರಪ್ಪ," ಎಂದು ಅಪ್ಪ ನಕಾಶೆ ಬಿಚ್ಚಿದ. "ಸರಕಾರದ ನಕಾಶ್ಯಾಗ ನಿಮ್ಮ ಹೊಲದಾಗಿಂದ ಒಂದು ಒಡ್ಡು ಹೋಗೇತಿ. ಅದ ಎಲ್ಲೈತಿ ಅಂತ ನೋಡಾಕತ್ತಿದ್ವಿ."

"ಒಡ್ಡು? ನನ್ನ ಹೊಲದಾಗ? ನನ್ನ ಕೇಳದ?"

"ನಕಾಶ್ಯಾಗ ಐತ್ರೀ..."

"ನಕಾಶ್ಯಾಗ ಇದ್ರ ನಕಾಶ್ಯಾಗ ಅಡ್ಡಾಡ್ರಿ. ನನ್ನ ಹೊಲದಾಗ ಯಾಕ ಕಾಲಿಟ್ರಿ?"

ಹಾಗೆ ಅಂದರೂ ಅವಳ ಕೈಯಲ್ಲಿದ್ದ ಕೂಳೆ ಕೆಳಗೆ ಬಿತ್ತು. ಬಂದು ಬಗ್ಗಿ ನೋಡಿದಳು. ಬೆಲ್ಲದ ಬಣ್ಣದ ಗೆರೆ ಅವಳ ಹೊಲದ ನಡುವೆಯೇ ಬಾಗಿತ್ತು. ಅವಳ ಮುಖ ಇಳಿದುಹೋಯಿತು. ನಾವು ಹಳೆಯ ಒಡ್ಡು ಎಂದುಕೊಂಡಿದ್ದನ್ನು ಅವಳು ಇನ್ನು ಬರಲಿರುವ ಒಡ್ಡು ಎಂದುಕೊಂಡಳು. ಇವತ್ತು ಹಾಳೆಯ ಮೇಲೆ, ನಾಳೆ ಬುಟ್ಟಿ ಸಲಿಕೆ ಹಿಡಿದ ಮಂದಿ. ಒಡ್ಡಿಗೆಂದು ಹೊಲದ ಚಲೋ ಮಣ್ಣನ್ನೇ ಕೆತ್ತಿ ಒಟ್ಟುತ್ತಾರೆ.

"ನಡೀರಿ ಮಾಸ್ತರ್ ಕಡೆ," ಎಂದು ಮುಂದೆ ನಡೆದೇಬಿಟ್ಟಳು. "ಓದಿದಾವ ಹೇಳಲಿ."

ನಮ್ಮ ಮಾಸ್ತರರು ಹನಮಪ್ಪನ ಗುಡಿಯ ನೆರಳಿನಲ್ಲಿ ಮಲಗಿದ್ದರು. ಎಬ್ಬಿಸಿದೆವು. ಅವರು ನಕಾಶೆ ನೋಡಿ, ಮೂವರ ಮುಖವನ್ನೂ ನೋಡಿ, ನನ್ನನ್ನು ಕರೆದು, "ಮನಿಗೆ ಹೋಗಿ ಹಿತ್ತಾಳಿ ಪರಾತ ತಗೊಂಡು ಬಾ, ಒಂದು ಕೊಡ ನೀರೂ ತಾ," ಎಂದರು.

ಹಿಟ್ಟು ನಾದುವ ಆ ಅಗಲ ಪರಾತದಲ್ಲಿ ಹಸಿಮಣ್ಣು ಕಲಸಿ ಒಂದು ದಿಬ್ಬ ಮಾಡಿದರು, ಅದರ ಮಗ್ಗುಲಿಗೆ ಬೆರಳಿನಿಂದ ಒಂದು ಹಳ್ಳ ತೋಡಿದರು. ಆಮೇಲೆ ಸ್ವಲ್ಪ ನೀರು ಸುರಿದರು. ನೀರು ನಿಂತ ಅಂಚಿನ ಗುಂಟ ಕಡ್ಡಿಯಿಂದ ಗೆರೆ ಎಳೆದರು. ಇನ್ನಷ್ಟು ನೀರು, ಇನ್ನೊಂದು ಗೆರೆ.

"ಇದ ನೋಡ್ರಿ ಆ ಗೆರಿ. ಇದು ಒಡ್ಡಲ್ಲ, ದಾರಿ ಅಲ್ಲ. ಇದರ ಮ್ಯಾಲಿನ ಜಾಗ ಎಲ್ಲಾ ಒಂದ ಎತ್ತರ ಅದಾವ ಅಂತ ತಿಳಸಾಕ ಹಾಕಿದ್ದು. ಭೂಮಿ ಮ್ಯಾಲೆ ಇದು ಇರಂಗಿಲ್ಲ."

ಅಪ್ಪ ಪರಾತದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದ.

"ಮಾಸ್ತರ, ಈ ಗೆರಿ ಇದ ಗುಡಿ ಕಟ್ಟೀ ಬಾಜೂಕ ಹೊಂಟೈತಿ. ಹಳ್ಳದ ನೀರು ಯಾವತ್ತೂ ಈ ಕಟ್ಟೀಗೆ ಮುಟ್ಟಿಲ್ಲ. ಹಂಗಾದ್ರ ಈ ಗೆರಿ ಮ್ಯಾಗ ಎಲ್ಲೂ ಮುಟ್ಟಂಗಿಲ್ಲ ಅಂದಂಗಾತು?"

"ಬರಾಬರಿ ಹೇಳಿದಿ."

ನನಗೆ ಬೇಕಾದದ್ದು ಅಪ್ಪನ ಬಾಯಿಂದಲೇ ಬಂದಿತ್ತು. ಆದರೆ ಗೌರವ್ವಾಯಿಗೆ ಬೇಕಾದದ್ದು ಬೇರೆ.

"ಅಂದ್ರ ನನ್ನ ಹೊಲದಾಗ ಒಡ್ಡೂ ಇಲ್ಲ, ದಾರೀನೂ ಇಲ್ಲ. ಹೌದಿಲ್ಲೋ?"

"ಇಲ್ರೀ ಅವ್ವಾರ."

"ಬೇಷಾತು." ಸೆರಗು ಕೊಡವಿ ಎದ್ದಳು. "ಈರಪ್ಪಾ, ನಿನ್ನ ನಕಾಶಿ ಮಡಚಿ ಇಡು. ನಿಮಗ ಬಿಟ್ರ ನಾಳಿ ಊರೇ ಬರ್ತೈತಿ, ನಾಡಿದ್ದು ಚಕ್ಕಡಿ ಬರ್ತಾವ. ಹೊಲ ಹೋಗಿ ಹೆದ್ದಾರಿ ಆಗ್ತೈತಿ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎಷ್ಟು ಹೊಲಗಳು ಹಾಗೆ ಅಡ್ಡದಾರಿಗೆ ಬಲಿಯಾಗಿದ್ದವು. ಮನೆಗೆ ಬರುವಾಗ ಅಪ್ಪ, "ಹೊಲ ಅವರದು. ಅವರು ಬ್ಯಾಡ ಅಂದ್ರ ಬ್ಯಾಡ," ಎಂದ.

"ಹಳ್ಳ ಮುಟ್ಟಂಗಿಲ್ಲ ಅಂತ ನೀನ ಅಂದಿ. ಗೌರವ್ವಾಯಿ ಹೂಂ ಅಂದ್ರ ಕಳಸ್ತಿಯೋ ಇಲ್ಲೋ?"

"ಆಕಿ ಹೂಂ ಅಂದ್ರ ನಾನ ನಿನ್ನ ತಲೀ ಮ್ಯಾಗ ಹೊತ್ಕೊಂಡು ಹೋಗಿ ಬಿಟ್ಟು ಬರ್ತೀನಿ."

ಎರಡನೆಯ ಮಾತೂ ಸಿಕ್ಕಿತು. ಆದರೆ ಈಗ ನನ್ನ ಕೈಯಲ್ಲಿ ನಕಾಶೆಯ ಬಲ ಇರಲಿಲ್ಲ. ಸರಕಾರ ನನ್ನ ಪಕ್ಷ ಬಿಟ್ಟುಹೋಗಿತ್ತು. ಕುಸುಬಿ ಮುಳ್ಳಿನ ಆಚೆ ಒಬ್ಬ ಮುದುಕಿ, ಈಚೆ ನಾನು.

ಅವ್ವ, ನಾಲ್ಕು ಬೆಲ್ಲದುಂಡೆ ಒಯ್ದು ಕೊಟ್ಟು ಕೇಳು ಎಂದಳು. ನಾನು ಒಯ್ಯಲಿಲ್ಲ. ಇದನ್ನು ಬೇಕಾದರೆ ಬರೆದಿಟ್ಟುಕೊಳ್ಳಿ: ದೊಡ್ಡದನ್ನು ಕೇಳಲು ಹೋಗುವಾಗ ಕೈಯಲ್ಲಿ ಸಣ್ಣದನ್ನು ಒಯ್ಯಬಾರದು, ಎದುರಿನವರು ಅದನ್ನೇ ಬೆಲೆ ಎಂದು ತಿಳಿಯುತ್ತಾರೆ. ಅದರ ಬದಲು ಅವರ ಹತ್ತಿರ ಏನು ಇಲ್ಲ ಎಂದು ನೋಡಬೇಕು. ನಾನು ರಾತ್ರಿಯೆಲ್ಲ ಗೌರವ್ವಾಯಿಯ ಹೊಲವನ್ನು ಮನಸ್ಸಿನಲ್ಲಿ ತಿರುಗಿ ನೋಡಿದೆ. ಮಣ್ಣು ಇತ್ತು, ಬೀಜ ಇತ್ತು, ಎತ್ತು ಇದ್ದವು. ಹೊಲದ ನಡುವೆ ಹಕ್ಕಿ ಕಾಯುವ ನಾಲ್ಕು ಕಂಬದ ಅಟ್ಟವೂ ಇತ್ತು, ಆದರೆ ಅದರ ಒಂದು ಕಂಬ ಗೆದ್ದಲು ತಿಂದು ಅಟ್ಟ ಒಂದು ಮಗ್ಗುಲಿಗೆ ವಾಲಿತ್ತು. ಮತ್ತೆ ಅವಳ ದನಿ. ನಮ್ಮ ಮೇಲೆ ಅಷ್ಟು ಒದರಿದಳಲ್ಲ, ಒಡೆದ ಮಡಕೆಯ ದನಿ.

ಬೆಳಿಗ್ಗೆ ಹೋಗಿ ಏನೂ ಮಾತಾಡದೆ ಅವಳ ಜೊತೆ ಕೂಳೆ ಆರಿಸತೊಡಗಿದೆ. ಬಿಸಿಲು ಏರಿದ ಮೇಲೆ ಅವಳು ಬೇವಿನ ನೆರಳಿಗೆ ಕುಳಿತು, ಗಡಿಗೆಯಿಂದ ನೀರು ಬಗ್ಗಿಸಿ ಕೊಟ್ಟಳು.

"ನಿಮ್ಮಪ್ಪ ಕಳಸ್ಯಾನೇನು?"

"ಇಲ್ಲ ಆಯಿ. ನಾನ ಬಂದೇನಿ. ಸುಗ್ಗ್ಯಾಗ ನಿಮ್ಮ ಹೊಲದಾಗ ಹಕ್ಕಿ ಯಾರು ಕಾಯ್ತಾರ?"

"ನಾನ. ಮತ್ತ್ಯಾರು? ಹೋದ ವರ್ಷ ಅರ್ಧಾ ತೆನಿ ಅವಕ್ಕ ಹೋತು. ಒದರಿ ಒದರಿ ಗಂಟ್ಲ ಹರೀತು. ನಿಂಗ್ಯಾಕ ಆ ಉಸಾಬರಿ?"

"ನಾ ಕಾಯ್ತೀನಿ."

"ನೀ ಸಾಲಿಗೆ ಹೋಗಾಕಿ ಅಲ್ಲೇನ? ಹಕ್ಕಿ ನಿನ್ನ ಸಾಲೀ ಗಂಟಿ ಕೇಳಿ ಬರ್ತಾವೇನು?"

"ಹಕ್ಕಿ ಬರೂದು ಹೊತ್ತು ಹೊಂಟಾಗ, ಹೊತ್ತು ಮುಳಗೂಮುಂದ. ನಡುಹಗಲ ಗಿಡದಾಗ ಕುಂದರ್ತಾವ. ನಾ ಸಾಲಿಗೆ ಹೋಗೂದು ಹೊತ್ತು ಹೊಂಟಾಗ, ಬರೂದು ಹೊತ್ತು ಮುಳಗೂಮುಂದ. ದಾರಿ ನಿಮ್ಮ ಹೊಲದಾಗಿಂದ ಇದ್ರ, ಹೋಗ್ತ ಬರ್ತ ನಾ ಒದರ್ತೀನಿ. ಮಳಿಗಾಲದಾಗ ನೀವು ದಾರಿ ಕೊಡ್ರಿ, ಸುಗ್ಗ್ಯಾಗ ನಾ ಗಂಟ್ಲ ಕೊಡ್ತೀನಿ."

ಗೌರವ್ವಾಯಿ ನನ್ನನ್ನು ದನದ ಸಂತೆಯಲ್ಲಿ ಕರುವನ್ನು ನೋಡುವ ಹಾಗೆ ನೋಡಿದಳು.

"ಒದರು ನೋಡೂಣು."

"ಈಗ?"

"ಮತ್ತ? ಮಾಲ್ ನೋಡದ ಯಾರು ತಗೋತಾರ?"

ಎದ್ದು ನಿಂತು, ಕಿವಿ ಮುಚ್ಚಿಕೊಂಡು, ಹೊಟ್ಟೆಯೊಳಗಿನದೆಲ್ಲ ಸೇರಿಸಿ ‘ಹಾರ್ರ್ರೋ ಹೋ’ ಎಂದು ಒದರಿದೆ. ಬೇವಿನ ಮರದಲ್ಲಿದ್ದ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ದೂರದಲ್ಲಿ ಯಾರದೋ ಎತ್ತು ಬೆದರಿತು, ಅದರ ಧಣಿ ನನ್ನ ಮನೆತನವನ್ನೆಲ್ಲ ಬೈದದ್ದು ಗಾಳಿಯಲ್ಲಿ ಕೇಳಿಸಿತು. ಗೌರವ್ವಾಯಿಯ ಬಾಯಿಯ ಒಂದು ಮೂಲೆ ನಕ್ಕಿತು.

"ಹೂಂ. ನಡೀತೈತಿ. ಖರೇ ಕೇಳು. ಒಂದು ಪಾದದಷ್ಟ ಅಗಲ, ಹೆಚ್ಚಿಲ್ಲ. ಒಂದ ಗೆರಿ ಮ್ಯಾಗ ನಡೀಬೇಕು. ಒಂದ ಹೆಸರುಬುಡ್ಡಿ ಹರದ್ರ ಕೈ ಮುರೀತೀನಿ."

"ಆತು."

"ಇನ್ನೊಂದು. ಒಬ್ಬಾಕೀನ ಬರಬ್ಯಾಡ."

ಮತ್ತೆ ಏನು ತಕರಾರು?

"ಜೋಡಿ ಇನ್ನೊಬ್ಬಾಕಿನ್ನ ಕರ್ಕೊಂಡು ಬಾ. ಒಂದು ಗಂಟ್ಲಕಿಂತ ಎರಡು ಚಲೋ." ಗಡಿಗೆಯ ಮೇಲೆ ಮುಚ್ಚಳ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು. "ಹೆಣ್ಣ ಹುಡುಗಿ ಒಂಟಿ ಅಡ್ಡಾಡಬಾರದು."

ಕೇಳದೆಯೇ ಹೆಚ್ಚಿಗೆ ಕೊಡುವವರನ್ನು ಕಂಡರೆ ಸಂಶಯ ಪಡಿ ಎಂದು ನಾನು ನನ್ನ ಅಂಗಡಿಯ ಹುಡುಗಿಯರಿಗೆ ಹೇಳುತ್ತಿರುತ್ತೇನೆ. ಗೌರವ್ವಾಯಿಯನ್ನು ಆ ಮಾತಿನಿಂದ ಹೊರಗಿಟ್ಟಿದ್ದೇನೆ. ರತ್ನಿ ಐದನೆಯ ಇಯತ್ತೆಗೆ ಬಂದದ್ದು ಹಾಗೆ.

ಮಳೆ ಶುರುವಾಯಿತು. ಸಾಲೆ ಶುರುವಾದ ಕೆಲವು ದಿನಗಳಲ್ಲೇ ಬೆಣ್ಣಿಹಳ್ಳ ಬಂತು. ಬೆಳಿಗ್ಗೆ ಎದ್ದರೆ ಊರೆಲ್ಲ ಅಗಸಿಬಾಗಿಲ ಹತ್ತಿರ ನಿಂತು ನೀರು ನೋಡುತ್ತಿತ್ತು. ಸಣ್ಣ ಹಳ್ಳದ ದಾರಿ ಇದ್ದ ಕಡೆ ಈಗ ರಾಡಿ ನೀರು, ಅದರ ಮೇಲೆ ತೇಲುವ ಕಸ, ಕಟ್ಟಿಗೆ. ಗಂಡುಹುಡುಗರು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಇವತ್ತು ಸಾಲೆ ಇಲ್ಲ ಎಂದು ಕುಣಿಯುತ್ತಿದ್ದರು. ಅವ್ವ ನನ್ನ ಚೀಲ ಕಸಿದುಕೊಂಡಳು. ಅಪ್ಪ ಅದನ್ನು ಅವಳ ಕೈಯಿಂದ ತೆಗೆದು ನನ್ನ ಹೆಗಲಿಗೆ ಹಾಕಿದ.

"ಗುಡಿ ಕಟ್ಟೀ ನೋಡಿ ಬಂದೇನಿ. ನೀರು ಭಾಳ ಕೆಳಗೈತಿ. ಹೋಗಲಿ ಬಿಡು."

ನಾನೂ ರತ್ನಿಯೂ ಹೊರಟೆವು. ಕಾಲಿಗೆ ಮಣ್ಣು ಹತ್ತಿ ಹತ್ತಿ ಆನೆಯ ಕಾಲಾಗುತ್ತಿತ್ತು. ಕಡ್ಡಿಯಿಂದ ಕೆರೆದು ಮತ್ತೆ ನಡೆಯುವುದು. ಎಡಗಡೆ ಕೆಳಗೆ ಹಳ್ಳದ ನೀರು ಹೊಲಗಳೊಳಗೆ ಹರಡಿಕೊಂಡು ಹೊಳೆಯುತ್ತಿತ್ತು. ನಾವು ನಡೆದಲ್ಲೆಲ್ಲ ಅದು ಅಷ್ಟೇ ಕೆಳಗೆ ಇರುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ನೆಲದ ಮೇಲೆ ಇಲ್ಲದ ಗೆರೆ ನನ್ನ ಕಣ್ಣಿಗೆ ಆ ಬೆಳಿಗ್ಗೆ ಚೆನ್ನಾಗಿ ಕಂಡಿತು. ಗೌರವ್ವಾಯಿ ತನ್ನ ಹೊಲದ ತುದಿಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. ಕುಸುಬಿ ಹಾಕುವ ಅಂಚಿನಲ್ಲಿ ಒಂದು ಮಗು ತೂರುವಷ್ಟು ಜಾಗ ಬಿಟ್ಟಿದ್ದಳು. ಕೊರಕಲಿಗೆ ಎರಡು ಹಾಸುಗಲ್ಲು ಬಿದ್ದಿದ್ದವು. ಯಾರು ಹಾಕಿಸಿದರೆಂದು ಕೇಳಿದರೆ, "ಇದ್ವು ಮೊದಲ," ಎಂದಳು. ಇರಲಿಲ್ಲ.

ಸಾಲೆ ಮುಟ್ಟಿ ಹಿಂತಿರುಗಿ ನೋಡಿದರೆ ದೂರದಲ್ಲಿ ಒಬ್ಬ ಮನುಷ್ಯ ತಲೆಯ ಮೇಲೆ ಟವೆಲ್ ಹಾಕಿಕೊಂಡು ತಿರುಗಿ ಹೋಗುತ್ತಿದ್ದ. ಅಪ್ಪ. ಸಂಜೆ ಕೇಳಿದೆ. "ಎತ್ತು ಹುಡಕಾಕ ಹೋಗಿದ್ನಿ," ಎಂದ. ನಮ್ಮ ಎರಡೂ ಎತ್ತುಗಳು ಆ ದಿನವೆಲ್ಲ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು.

ಚಳಿಗಾಲಕ್ಕೆ ನಾನು ಸಾಲ ತೀರಿಸಿದೆ. ಜೋಳ ತಲೆಯೆತ್ತರ ಬೆಳೆದು ತೆನೆ ಹಾಲು ಕಟ್ಟಿದ ಕಾಲ. ಇಬ್ಬನಿಯಲ್ಲಿ ನೆನೆದ ಎಲೆಗಳು ಎರಡೂ ಕಡೆಯಿಂದ ಮುಖಕ್ಕೆ ಬಡಿಯುತ್ತಿದ್ದವು. ಕಂಬ ಬದಲಿಸಿದ ಅಟ್ಟದ ಮೇಲೆ ಹತ್ತಿ ನಾನು ಒದರುತ್ತಿದ್ದೆ, ಕೆಳಗೆ ರತ್ನಿ ಕವಣೆ ಬೀಸುತ್ತಿದ್ದಳು. ಸಾವಿರಾರು ಹಕ್ಕಿ ಒಮ್ಮೆಲೇ ಎದ್ದರೆ ಹೊಲವೇ ತನ್ನ ಹೊದಿಕೆ ಒದ್ದು ಎದ್ದ ಹಾಗಾಗುತ್ತಿತ್ತು. ಸಂಜೆ ಗೌರವ್ವಾಯಿ ಕುಳ್ಳಿನ ಕೆಂಡದಲ್ಲಿ ಎಳೆಯ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳುಗಳ ಸೀತನಿಯನ್ನು ನಮ್ಮ ಲಂಗದ ಮಡಿಲಿಗೆ ಸುರಿಯುತ್ತಿದ್ದಳು. ಜೊತೆಗೆ ಬೆಲ್ಲ, ಗುರೆಳ್ಳಿನ ಚಟ್ನಿ. ಹೊಗೆ, ಹಾಲು, ಮಣ್ಣು ಮೂರೂ ಸೇರಿದ ಆ ವಾಸನೆಗೆ ಇವತ್ತಿಗೂ ನನ್ನ ಬಾಯಲ್ಲಿ ನೀರೂರುತ್ತದೆ. ಇದು ಒಪ್ಪಂದದಲ್ಲಿ ಇರಲಿಲ್ಲವಲ್ಲ ಆಯಿ ಎಂದರೆ, "ತಿನ್ನು ಸುಮ್ನ. ಒಣ ಗಂಟ್ಲಿಗೆ ಹಕ್ಕಿ ಹೆದರಂಗಿಲ್ಲ," ಎನ್ನುತ್ತಿದ್ದಳು.

ಏಳನೆಯ ಇಯತ್ತೆ ಮುಗಿಸಿ ನಾನು ಹೈಸ್ಕೂಲಿಗೆಂದು ನವಲಗುಂದದ ಚಿಗವ್ವನ ಮನೆಗೆ ಹೋದೆ. ರತ್ನಿಗೆ ಮದುವೆಯಾಯಿತು. ಆ ದಾರಿಯಲ್ಲಿ ನಡೆಯುವವರು ಯಾರೂ ಇರಲಿಲ್ಲ. ಮುಂದಿನ ಮಳೆಗಾಲ ರಜೆಗೆ ಬಂದಾಗ ಆ ಕಡೆ ಹೋಗಿ ನೋಡಿದೆ. ಹೆಸರುಕಾಳಿನ ಪೈರು ಮೊಳಕಾಲುದ್ದ ಬೆಳೆದಿತ್ತು. ಅದರ ನಡುವೆ ಒಂದು ಪಾದದಷ್ಟು ಅಗಲದ ಕರಿನೆಲ, ಬಿತ್ತದೆ ಬಿಟ್ಟದ್ದು, ಬೈತಲೆಯ ಹಾಗೆ ಹೊಲವನ್ನು ಸೀಳಿಕೊಂಡು ಹೋಗಿತ್ತು.

"ಇನ್ನ ಯಾಕ ಬಿಟ್ಟೀರಿ ಆಯಿ? ನಾವು ಹೋಗಂಗಿಲ್ಲಲ್ಲ."

"ನೀ ಒಬ್ಬಾಕಿನ ಏನ್ ಊರಾಗ ಹೆಣ್ಣು ಹುಟ್ಟಿದಾಕಿ? ಯಾವಾಕೆರೆ ಬರ್ತಾಳ."

ಬಂದರು. ಮೊದಲು ಒಬ್ಬಳು, ಆಮೇಲೆ ನಾಲ್ಕೈದು. ಎಲ್ಲರೂ ಒಂದೇ ಗೆರೆಯ ಮೇಲೆ ನಡೆದರಂತೆ, ಎಲ್ಲರೂ ಹಕ್ಕಿ ಓಡಿಸಿದರಂತೆ. ಅವಳು ಇರುವ ತನಕ ದಾರಿ ಒಂದು ಪಾದಕ್ಕಿಂತ ಅಗಲ ಆಗಲಿಲ್ಲ, ಬಿತ್ತಿ ಮುಚ್ಚಿಯೂ ಹೋಗಲಿಲ್ಲ.

ಈಗ ಹುಬ್ಬಳ್ಳಿಯಲ್ಲಿ ನನ್ನದು ಖಡಕ್ ರೊಟ್ಟಿಯ ವ್ಯಾಪಾರ. ಊರೂರಿನ ಖಾನಾವಳಿಗಳಿಗೆ ರೊಟ್ಟಿ, ಚಟ್ನಿಪುಡಿ ಹೋಗುತ್ತವೆ. ಯಾರ ಹತ್ತಿರವೂ ಕೈ ಚಾಚದೆ ಕಟ್ಟಿಕೊಂಡದ್ದು. ಜೋಳದ ದಲಾಲರು ನನ್ನನ್ನು ಕಂಡರೆ ದರವನ್ನು ಮೊದಲೇ ಇಳಿಸಿ ಹೇಳುತ್ತಾರೆ. ಕಳೆದ ವರ್ಷ ಊರ ಕಡೆ ಹೋಗಿದ್ದೆ. ಸಣ್ಣ ಹಳ್ಳಕ್ಕೆ ಎತ್ತರದ ಸೇತುವೆ ಆಗಿದೆ, ಡಾಂಬರು ಬಂದಿದೆ, ಹುಡುಗಿಯರು ಸೈಕಲ್ ಮೇಲೆ ಆಚೆ ಊರಿಗೆ ಹೋಗುತ್ತಾರೆ. ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಕಾಲಿಗೆ ಎರೆಮಣ್ಣು ಹತ್ತಿಸಿಕೊಂಡು ನಡೆದವಳು ಡಾಂಬರನ್ನು ಬೈಯಬಾರದು.

ಆದರೂ ಕಾರು ನಿಲ್ಲಿಸಿ ಗೌರವ್ವಾಯಿಯ ಹೊಲದ ಕಡೆ ನಡೆದೆ. ಸುತ್ತ ತಂತಿ ಬೇಲಿ. ಒಳಗೆ ಟ್ರ್ಯಾಕ್ಟರ್ ಪಕ್ಕ ಒಬ್ಬ ತರುಣ, ಹೊಲ ಕೊಂಡವರ ಮಗ. ಒಳ್ಳೆಯ ಹುಡುಗ, ನೀರು ಕೊಟ್ಟ.

"ಒಂಚೂರು ಒಳಗ ಬಂದು ಹಳ್ಳದ ತಲೀ ತನಕ ಹೋಗ್ಲೇನಪಾ?" ಎಂದೆ.

"ಈ ಕಡೆ ದಾರಿ ಇಲ್ರೀ ಅಕ್ಕಾರ. ರೋಡ್ ಐತೆಲ್ಲ, ಹಂಗ ಹೋಗ್ರಿ."

ಸಿಟ್ಟು ಬರಲಿಲ್ಲ. ಚೌಕಾಸಿ ಮಾಡುವುದು ನನ್ನ ರಕ್ತದಲ್ಲಿದೆ, ಬೇಲಿಯ ಮೇಲಿಂದಲೇ ಹೊಲದ ಉದ್ದಗಲ ನೋಡಿದೆ. ಇವನ ಹತ್ತಿರ ಏನು ಇಲ್ಲ? ಟ್ರ್ಯಾಕ್ಟರ್ ಇದೆ, ಕಾಲುವೆ ನೀರು ಇದೆ, ಔಷಧ ಹೊಡೆಯುವ ಯಂತ್ರ ಇದೆ. ಕೊನೆಗೆ ನನಗೆ ಗೊತ್ತಿದ್ದ ಒಂದೇ ದಾರಿಯಿಂದ ಕೇಳಿದೆ.

"ಹಕ್ಕಿ ಕಾಟ ಹೆಂಗೈತಿ? ಯಾರು ಕಾಯ್ತಾರ?"

ಅವನು ಅರ್ಥವಾಗದೆ ನಕ್ಕ.

"ಜೋಳ ಬಿತ್ತೂದ ಬಿಟ್ಟು ಭಾಳ ವರ್ಷ ಆತ್ರೀ ಅಕ್ಕಾರ. ಈಗ ಬರೇ ಹತ್ತಿ. ಹಕ್ಕಿ ಬರಂಗಿಲ್ಲ."